ಸನ್ಮಾನದ ಸ್ಮರಣಿಕೆ ಬಿದ್ರಿಯದಾಗಲಿ

ಬೀದರ, ಭಾಲ್ಕಿ, ಔರಾದ ಪಟ್ಟಣಗಳಲ್ಲಿರಲಿ, ಮನ್ನಳ್ಳಿಯಂತಹ ಊರಿನಲ್ಲಿರಲಿ, ಸನ್ಮಾನವೆಂದರೆ ಶಾಲು, ಹಾರ ಹಾಗೂ ಒಂದು ಸ್ಮರಣಿಕೆ. ಆ ಸ್ಮರಣಿಕೆ ಹಲವು ಬಾರಿ ಹೊರ ಊರಿನಿಂದ ತಂದ ಫೈಬರ್ ಅಥವಾ ಗಾಜಿನ ಫಲಕವಾಗಿರುತ್ತದೆ. ಕೆಲವೇ ದಿನಗಳಲ್ಲಿ ಅದು ಅಟ್ಟ ಸೇರುತ್ತದೆ. ತೆತ್ತ ಹಣ ಜಿಲ್ಲೆಯಿಂದ ಹೊರಗೆ ಹೋಗುತ್ತದೆ. ಬಿದ್ರಿ ಕಲೆಯ ತವರಿನಲ್ಲಿಯೇ ಹೀಗಾಗುವುದು ವರ್ತಕ ಸಮುದಾಯ ಯೋಚಿಸಬೇಕಾದ ಸಂಗತಿ.

ಸತುವಿಗೆ ಅಲ್ಪ ಪ್ರಮಾಣದ ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಲಾಗುತ್ತದೆ. ಕೊನೆಗೆ ಬೀದರ ಕೋಟೆಯ ಮಣ್ಣು ಹಾಗೂ ನವಸಾಗರದ ದ್ರಾವಣ ತಗುಲಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಆದರೆ ಮಾನ್ಯತೆ, ಪ್ರಶಸ್ತಿಗಳಿಂದಲೇ ಮಾಲು ಮಾರಾಟವಾಗದು. ಅದಕ್ಕೆ ಅಂಗಡಿ ಬೇಕು, ಗಿರಾಕಿ ಬೇಕು.

ಬಿದ್ರಿ ದುಬಾರಿ, ಬಂಡವಾಳ ಸಿಕ್ಕಿಬೀಳುತ್ತದೆ ಎಂಬ ವರ್ತಕರ ಆಕ್ಷೇಪ ನಿರಾಧಾರವಲ್ಲ. 2025ರಲ್ಲಿ ಬೆಳ್ಳಿಯ ದರ ತೀವ್ರವಾಗಿ ಏರಿತು. ಆದರೆ ಆ ಹೊರೆ ಮೊದಲು ಬೀಳುವುದು ಕುಶಲಕರ್ಮಿಯ ಹೆಗಲ ಮೇಲೆ. ಬೆಳ್ಳಿಗೆ ನಗದು ತೆತ್ತು, ಸಿದ್ಧ ಮಾಲನ್ನು ಮಾತ್ರ ‘ಮಾರಿದ ಮೇಲೆ ಹಣ’ ಎಂಬ ಕರಾರಿನಲ್ಲಿ ಅಂಗಡಿಗೆ ಒಪ್ಪಿಸುವವನಿಗೆ ಮುಂದಿನ ಕೆಲಸಕ್ಕೆ ಬಂಡವಾಳವೆಲ್ಲಿ? ಇಂತಹ ಕಸುಬಿಗೆ ಮಗನನ್ನು ಕರೆತರಲು ಯಾವ ತಂದೆ ಮುಂದಾದಾನು?

ಇದಕ್ಕೆ ಪರಿಹಾರ ವ್ಯಾಪಾರದ ಕ್ರಮದಲ್ಲಿಯೇ ಇದೆ. ದೊಡ್ಡ ಹೂದಾನಿಗಳನ್ನು ಪೇರಿಸಿಡುವ ಬದಲು ಕುಂಕುಮದ ಭರಣಿ, ಕೀ ಚೈನ್, ಪೆನ್ ಸ್ಟ್ಯಾಂಡ್, ಚಿಕ್ಕ ಫಲಕ ಮುಂತಾದವುಗಳ ಒಂದೊಂದು ಮಾದರಿಯನ್ನು ಅಂಗಡಿಯಲ್ಲಿ ಇರಿಸಬಹುದು. ಸಂಘ ಸಂಸ್ಥೆ, ಶಾಲೆ, ಬ್ಯಾಂಕುಗಳ ಸಮಾರಂಭಗಳು ಮೊದಲೇ ನಿಗದಿಯಾಗಿರುತ್ತವೆ. ಅವುಗಳಿಂದ ಮುಂಗಡ ಸಹಿತ ಬೇಡಿಕೆ ಪಡೆದು, ಆ ಮುಂಗಡವನ್ನು ಬೆಳ್ಳಿ ಖರೀದಿಗಾಗಿ ಕುಶಲಕರ್ಮಿಗೆ ತಲುಪಿಸಿದರೆ ಇಬ್ಬರ ಬಂಡವಾಳವೂ ಸಿಕ್ಕಿಬೀಳದು. ಕೈಕೆಲಸಕ್ಕೆ ಬೇಕಾದ ಕಾಲಾವಕಾಶವೂ ದೊರೆಯುತ್ತದೆ. ಕಪ್ಪು ಬಣ್ಣ ಬಳಿದ ಅಗ್ಗದ ಮಾಲನ್ನು ಬಿದ್ರಿಯೆಂದು ಮಾರದಿರುವುದು, ತಯಾರಿಸಿದವನ ಹೆಸರಿನ ಚೀಟಿಯನ್ನು ವಸ್ತುವಿನೊಡನೆ ನೀಡುವುದು ವರ್ತಕನ ಹೊಣೆ. ಗಿರಾಕಿಯ ವಿಶ್ವಾಸ ಒಮ್ಮೆ ಕೆಟ್ಟರೆ ಅಸಲಿ ಮಾಲಿಗೂ ಬೆಲೆ ಸಿಗದು.

ಊರಿನ ಗಣ್ಯರನ್ನು ಗೌರವಿಸುವಾಗ ಊರಿನ ಕೈಗಳಿಗೂ ಕೆಲಸ ದೊರೆಯಲಿ. ವರ್ತಕರ ಸಂಘಗಳು ತಮ್ಮ ಮುಂದಿನ ವಾರ್ಷಿಕ ಸಭೆಯ ಸ್ಮರಣಿಕೆಯಿಂದಲೇ ಇದನ್ನು ಆರಂಭಿಸುವುದು ಉಚಿತ.