ವೇಟಿಂಗ್ ಲಿಸ್ಟ್ ಇ-ಟಿಕೆಟ್ ಇದ್ದರೆ ರೈಲು ಹತ್ತಬಹುದೇ?

"ಟಿಕೆಟ್ ಇದೆಯಲ್ಲ, ಟಿಟಿಇ ಹತ್ತಿರ ಕೇಳಿಕೊಂಡರಾಯಿತು" ಎಂಬ ನಂಬಿಕೆ ಹಲವರಲ್ಲಿದೆ. ರೈಲ್ವೆ ನಿಯಮ ಏನು ಹೇಳುತ್ತದೆ ಎಂದು ನಾವು ನೋಡಿದೆವು.

ಚಾರ್ಟ್ ಸಿದ್ಧವಾದ ಮೇಲೂ ಟಿಕೆಟ್‌ನಲ್ಲಿರುವ ಎಲ್ಲರೂ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಇ-ಟಿಕೆಟ್ ತಾನಾಗಿಯೇ ರದ್ದಾಗುತ್ತದೆ. ಸಣ್ಣ ಶುಲ್ಕ ಕಡಿತವಾಗಿ ಹಣ ಖಾತೆಗೆ ಮರಳುತ್ತದೆ. ಅದೇ ಟಿಕೆಟ್ ಹಿಡಿದು ರೈಲು ಹತ್ತಿದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕರೆಂದೇ ಲೆಕ್ಕ. ಪ್ರಯಾಣ ದರದ ಜೊತೆ ಕನಿಷ್ಠ 250 ರೂಪಾಯಿ ದಂಡ. ಆರ್‌ಎಸಿ ಹಾಗಲ್ಲ, ಕೂರಲು ಸೀಟು ಖಚಿತ.

ನೆನಪಿಡಿ: ಜಿಎನ್‌ಡಬ್ಲ್ಯುಎಲ್ ಟಿಕೆಟ್ ಸಾಮಾನ್ಯವಾಗಿ ಪಿಕ್ಯೂಡಬ್ಲ್ಯುಎಲ್‌ಗಿಂತ ಬೇಗ ಖಚಿತವಾಗುತ್ತದೆ. 'ವಿಕಲ್ಪ್' ಆಯ್ಕೆ ಮಾಡಿಕೊಂಡರೆ ಹೆಚ್ಚುವರಿ ಹಣವಿಲ್ಲದೆ ಬೇರೆ ರೈಲಿನಲ್ಲಿ ಸೀಟು ಸಿಗಬಹುದು. ಮನೆ ಬಿಡುವ ಮುನ್ನ ಪಿಎನ್‌ಆರ್ ಪರಿಶೀಲಿಸಿ.