ಭಾನುವಾರದ ಸ್ಪೋರ್ಟ್ಸ್ ಕಾರು: ತೆರಿಗೆ ಕೇಳೋರಿದ್ದಾರೆ, ವೇಗ ಕೇಳೋರು ಯಾರು?

ಚಿಕ್ಕಬಳ್ಳಾಪುರ: ಭಾನುವಾರ ಬೆಳಗ್ಗೆ ಆರು ಗಂಟೆ ಆಗ್ತಿದ್ದಂಗೆ ನಂದಿ ಕ್ರಾಸ್ ಕಡೆಯ ಹೆದ್ದಾರಿಯಲ್ಲಿ ಸದ್ದು ಶುರುವಾಗುತ್ತದೆ. ಪೋರ್ಷೆ, ಮಸ್ಟಾಂಗ್, ಬಿಎಂಡಬ್ಲ್ಯು, ಒಮ್ಮೊಮ್ಮೆ ಲ್ಯಾಂಬೋರ್ಗಿನಿ. ಬೆಂಗಳೂರಿಂದ ಗುಂಪು ಕಟ್ಟಿಕೊಂಡು ಬರೋದು, ರಸ್ತೆ ಬದಿ ಹೋಟೆಲಲ್ಲಿ ಇಡ್ಲಿ ವಡೆ, ಬೆಟ್ಟದ ಹಿನ್ನೆಲೆ ಇಟ್ಟು ಫೋಟೊ, ಬಿಸಿಲೇರೋ ಹೊತ್ತಿಗೆ ವಾಪಸ್. ನಮ್ಮ ಹುಡುಗರು ಮೊಬೈಲ್ ಹಿಡಿದು ಕಾಯ್ತಿರುತ್ತಾರೆ. ಹೋಟೆಲಿನವರಿಗೆ ವ್ಯಾಪಾರ, ಹುಡುಗರಿಗೆ ರೀಲ್ಸ್. ಇದರಲ್ಲಿ ತಪ್ಪೇನು ಅಂತ ಕೇಳಿದರೆ, ಬರೋದರಲ್ಲಿ ತಪ್ಪಿಲ್ಲ. ಹೇಗೆ ಬರುತ್ತಾರೆ ಅನ್ನೋದು ಪ್ರಶ್ನೆ.

ಈ ಕಾರುಗಳ ಬಗ್ಗೆ ಸರ್ಕಾರ ಸುಮ್ಮನೆ ಕೂತಿಲ್ಲ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ಕಾರ್ಯಾಚರಣೆಯಲ್ಲಿ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಬೇರೆ ರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡು ಇಲ್ಲೇ ಓಡಿಸ್ತಿದ್ದಾರೆ, ತೆರಿಗೆ ಕಟ್ಟಿಲ್ಲ ಅನ್ನೋದು ಆರೋಪ. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ಸುಮಾರು 1.42 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಒಂದು ಕಾರಿಗೆ!

ಕಾರಣ ಸರಳ. ನಮ್ಮ ರಾಜ್ಯದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಬೆಲೆಯ ಕಾರಿಗೆ ಆಜೀವ ತೆರಿಗೆ ಶೇ 18, ಸೆಸ್ ಸೇರಿದರೆ ಹತ್ತಿರ ಹತ್ತಿರ ಶೇ 20. ಪುದುಚೇರಿಯಂಥ ಕಡೆ ಇದಕ್ಕಿಂತ ತೀರಾ ಕಡಿಮೆ. ಅದಕ್ಕೇ ಅಲ್ಲಿನ ವಿಳಾಸ ತೋರಿಸಿ ನೋಂದಣಿ ಮಾಡಿಸೋ ಚಾಳಿ. ಕಾನೂನಿನ ಪ್ರಕಾರ 12 ತಿಂಗಳಿಗಿಂತ ಹೆಚ್ಚು ಕಾಲ ಗಾಡಿ ಇನ್ನೊಂದು ರಾಜ್ಯದಲ್ಲಿದ್ದರೆ ಅಲ್ಲಿನ ನಂಬರ್ ತಗೋಬೇಕು.

ತೆರಿಗೆ ತಪಾಸಣೆ ಸರಿಯೇ. ಆದರೆ ತೆರಿಗೆ ಕಟ್ಟಿದ ಕಾರು ನಿಧಾನವಾಗಿ ಓಡುತ್ತೆ ಅಂತೇನಿಲ್ಲವಲ್ಲ.

ಹೆದ್ದಾರಿ 44 ನಮ್ಮ ಜನಕ್ಕೆ ಸುತ್ತಾಟದ ರಸ್ತೆಯಲ್ಲ. ಬೆಳಗಿನ ಹೊತ್ತು ಟಿವಿಎಸ್ ಎಕ್ಸ್‌ಎಲ್ ಮೇಲೆ ಹೂವಿನ ಮೂಟೆ, ಟಾಟಾ ಏಸ್‌ನಲ್ಲಿ ತರಕಾರಿ, ಡೇರಿಗೆ ಹೋಗೋ ಹಾಲಿನ ಕ್ಯಾನು. ಡಿವೈಡರ್ ಮಧ್ಯದ ಸಂದಿಯಲ್ಲಿ ನಿಂತ ರೈತ ಕಣ್ಣಳತೆಯಲ್ಲೇ ಲೆಕ್ಕ ಹಾಕಿ ದಾಟುತ್ತಾನೆ. 250 ಮೀಟರ್ ದೂರದಲ್ಲಿ ಕಾರು ಕಾಣ್ತು ಅಂದುಕೊಳ್ಳಿ. ಅದು 80ರಲ್ಲಿ ಬರ್ತಿದ್ದರೆ ಅವನಿಗೆ 11 ಸೆಕೆಂಡ್ ಸಿಗುತ್ತದೆ, ಆರಾಮಾಗಿ ದಾಟಬಹುದು. ಅದೇ ಕಾರು 180ರಲ್ಲಿದ್ದರೆ ಸಿಗೋದು ಬರೀ 5 ಸೆಕೆಂಡ್. ದೂರದಿಂದ ನೋಡಿದವನಿಗೆ 80 ಯಾವುದು, 180 ಯಾವುದು ಗೊತ್ತಾಗಲ್ಲ. ಇನ್ನು ಬ್ರೇಕ್ ವಿಷಯ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲೋ ದೂರ ನಾಲ್ಕರಷ್ಟಾಗುತ್ತದೆ. ಅದು ಎಷ್ಟು ಕೋಟಿಯ ಕಾರಾದರೂ ಅಷ್ಟೇ.

ಮಧ್ಯೆ ಡಿವೈಡರ್ ಇರೋ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಕೇಂದ್ರ ನಿಗದಿ ಮಾಡಿದ ಗರಿಷ್ಠ ವೇಗ 100. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ದಂಡದ ಜೊತೆ ಎಫ್‌ಐಆರ್ ಅಂತಲೂ ಪೊಲೀಸರು ಹೇಳಿದ್ದಾರೆ. ನಿಯಮ ಗಟ್ಟಿಯಾಗೇ ಇದೆ. ಆದರೆ 130 ದಾಟಿತು ಅಂತ ಹೇಳೋಕೆ ಭಾನುವಾರ ಆರರಿಂದ ಎಂಟರ ತನಕ ಅಲ್ಲೊಂದು ಅಳೆಯೋ ಯಂತ್ರ ಇರಬೇಕು. ತೆರಿಗೆಗೆ ಕಾರು ಹುಡುಕಿಕೊಂಡು ಹೋಗೋಕೆ ಆಗುತ್ತೆ ಅಂದಮೇಲೆ, ಕಾರೇ ಹುಡುಕಿಕೊಂಡು ಬರೋ ಕಡೆ ನಿಲ್ಲೋಕೆ ಏನು ಕಷ್ಟ?

ಒಂದು ಮಾತು ನ್ಯಾಯವಾಗಿ ಹೇಳಬೇಕು. ಎಲ್ಲ ಗುಂಪುಗಳೂ ಹುಚ್ಚಾಪಟ್ಟೆ ಓಡಿಸೋರಲ್ಲ. ಮುಂದೊಂದು ಕಾರು, ಹಿಂದೊಂದು ಕಾರು, ಮಧ್ಯೆ ಯಾರೂ ಓವರ್‌ಟೇಕ್ ಮಾಡಬಾರದು ಅಂತ ಕಟ್ಟುಪಾಡು ಇಟ್ಟುಕೊಂಡು ಬರೋರೂ ಇದ್ದಾರೆ. ವೇಗದ ಚಪಲ ಇದ್ದವರಿಗೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯಲ್ಲಿ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್ ಇದೆ.

ನಮ್ಮ ತಾಲ್ಲೂಕಿಗೆ ತಟ್ಟೋ ಇನ್ನೊಂದು ವಿಷಯ ಚಕ್ರದ್ದು. ಈ ಕಾರುಗಳವರು ಹೋಟೆಲ್ ಮುಂದೆ ನಿಂತು ಹೆಚ್ಚು ಮಾತಾಡೋದು ಅದನ್ನೇ: ಎಷ್ಟು ಇಂಚು, ಎಷ್ಟು ಅಗಲ, ಎಷ್ಟು ಹೊರಗೆ ಬಂದಿದೆ. ಪೋರ್ಷೆ 911 ಕರೇರಾ ಎಸ್‌ಗೆ ಮುಂದೆ 20 ಇಂಚು, ಹಿಂದೆ 21 ಇಂಚು. ಹಿಂದಿನ ಟೈರ್ ಮುಂದಕ್ಕೆ ಹಾಕೋಕೆ ಆಗಲ್ಲ. ಟೈರಿನ ಗೋಡೆ ಒಂಬತ್ತು ಸೆಂಟಿಮೀಟರ್ ಆಸುಪಾಸು. ಗುಂಡಿಗೆ ಬಿದ್ದರೆ ರಬ್ಬರ್ ತಡೆಯೋಕೆ ಮುಂಚೆ ಪೆಟ್ಟು ರಿಮ್‌ಗೆ. ಹಂಪ್ ಬಂದರೆ ಮೂತಿ ಎತ್ತೋ ಸ್ವಿಚ್ ಒತ್ತುತ್ತಾರೆ, ಸುಮಾರು ನಾಲ್ಕು ಸೆಂಟಿಮೀಟರ್ ಮೇಲೇಳುತ್ತದೆ. ರಸ್ತೆ ಮಾನದಂಡದ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರ ಒಳರಸ್ತೆಯ ಹಂಪ್ ನೋಡಿದವರಿಗೆ ಇದು ತಮಾಷೆ ಅನಿಸಬಹುದು. ಅಂಗಡಿ ಮುಂದೆ ಗೋಡೆ ಕಟ್ಟಿದಂಗೆ ಕಟ್ಟಿರ್ತಾರೆ. ಅದರ ಮೇಲೆ ಲ್ಯಾಂಬೋರ್ಗಿನಿ ಒದ್ದಾಡಿದರೆ ನಗು ಬರುತ್ತೆ, ಗರ್ಭಿಣಿ ಕೂತ ಆಟೊ ಎಗರಿದರೆ ನಗು ಬರಲ್ಲ.

ಆ ಫೋಟೊ ನೋಡಿದ ನಮ್ಮ ಹುಡುಗರು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್, ಪೋಲೋಗೆ 17 ಇಂಚಿನ ಅಲಾಯ್ ಕೂರಿಸುತ್ತಿದ್ದಾರೆ. ಪಕ್ಕಾ ಅಳತೆಯ ಒಳ್ಳೆ ಚಕ್ರವಾದರೆ ಮಾತು ಬೇರೆ. ಬ್ರ್ಯಾಂಡ್ ವಿನ್ಯಾಸದ ನಕಲು ಅಗ್ಗಕ್ಕೆ ಸಿಗುತ್ತದೆ, ಅಲ್ಲೇ ಅಪಾಯ. ಚಕ್ರದ ಒಳಮಗ್ಗುಲಲ್ಲಿ ಎಷ್ಟು ಕೆಜಿ ಭಾರ ಹೊರುತ್ತದೆ ಅಂತ ಗುರುತಿದೆಯಾ ನೋಡಿ. ನಟ್ಟಿನ ತೂತು ಕೂಡಲಿಲ್ಲ ಅಂತ ಸ್ಪೇಸರ್ ಹಾಕಿಸೋಕೆ ಹೋಗಬೇಡಿ. ಸ್ವಿಫ್ಟ್‌ಗೆ ನಾಲ್ಕು ನಟ್ಟು, ಪೋಲೋಗೆ ಐದು, ಒಂದರದು ಇನ್ನೊಂದಕ್ಕೆ ಬರಲ್ಲ. ಟೈರ್ ಚಕ್ರಕಮಾನಿಗೆ ಉಜ್ಜುತ್ತಿದ್ದರೆ ತಿರುವಿನಲ್ಲಿ, ಮನೆಮಂದಿಯೆಲ್ಲ ಕೂತಾಗ ಇನ್ನೂ ಉಜ್ಜುತ್ತದೆ.

ಕಾನೂನೂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆ ಕಂಪನಿಯವರು ಮೊದಲು ನೋಡೋದು ಇಂಥವನ್ನೇ. ಕೋಟಿ ಕಾರಿನವರಿಗೆ ವಕೀಲರಿರುತ್ತಾರೆ. ಅಪ್ಪನ ಬಡ್ಡಿ ಸಾಲದಲ್ಲಿ ಕಾರು ತಂದ ಹುಡುಗ ಯಾರ ಹತ್ತಿರ ಹೋಗ್ತಾನೆ?

ಹೋಟೆಲಿನವರು, ಟೈರ್ ಅಂಗಡಿಯವರು ಈ ಭಾನುವಾರದ ಬಂಡಿಗಳು ನಿಲ್ಲಲಿ ಅಂತ ಯಾರೂ ಕೇಳ್ತಿಲ್ಲ. ಬೇಕಿರೋದು ಎರಡೇ: ಬೆಳಗಿನ ಎರಡು ಗಂಟೆ ಹೆದ್ದಾರಿಯಲ್ಲಿ ಸ್ಪೀಡ್ ಗನ್ ಜೊತೆ ಒಂದು ಗಸ್ತು, ಜನ ದಾಟೋ ಸಂದಿಗಳ ಹತ್ತಿರ ಕಾಣುವಂಥ ದೀಪ. ಮುಂದಿನ ರಸ್ತೆ ಸುರಕ್ಷತಾ ಸಭೆಯಲ್ಲಿ ತಾಲ್ಲೂಕಿನ ಪ್ರತಿನಿಧಿಗಳು ಇದನ್ನು ಎತ್ತುತ್ತಾರಾ, ನೋಡಬೇಕು.