ಯಶವಂತಪುರದ ರೋಮನ್ ಬೆಳ್ಳಿ



ರಾಜಾಜಿನಗರದ ಮಕ್ಕಳು ಪಠ್ಯಪುಸ್ತಕದಲ್ಲಿ ರೋಮ್ ಸಾಮ್ರಾಜ್ಯದ ಪಾಠ ಓದುತ್ತಾರೆ. ಆ ಸಾಮ್ರಾಜ್ಯದ ಬೆಳ್ಳಿ ತಮ್ಮ ಮಗ್ಗುಲಲ್ಲೇ ದೊರೆತಿತ್ತೆಂಬುದು ಅವರಲ್ಲಿ ಬಹುಮಂದಿಗೆ ತಿಳಿಯದು. 1891ರಲ್ಲಿ ಯಶವಂತಪುರದ ಬಳಿ ರೈಲುಮಾರ್ಗಕ್ಕಾಗಿ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅವು ಅಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ, ಎಂದರೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಚಕ್ರವರ್ತಿಗಳ ಕಾಲದವು.

ಈ ನಾಣ್ಯದ ಹೆಸರು ಡಿನೇರಿಯಸ್. ನಮ್ಮ ‘ದೀನಾರ’ ಶಬ್ದದ ಮೂಲವೂ ಅದೇ. ಭಾರತದಲ್ಲಿ ದೊರೆತವುಗಳಲ್ಲಿ ಎರಡು ಬಗೆಯವು ಹೆಚ್ಚು. ಅಗಸ್ಟಸ್‌ನ ನಾಣ್ಯದ ಹಿಂಬದಿಯಲ್ಲಿ ಅವನು ದತ್ತು ತೆಗೆದುಕೊಂಡ ಇಬ್ಬರು ಮೊಮ್ಮಕ್ಕಳು, ಗಾಯಸ್ ಮತ್ತು ಲೂಸಿಯಸ್, ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಉತ್ತರಾಧಿಕಾರಿಗಳೆಂದು ಲೋಕಕ್ಕೆಲ್ಲ ಸಾರಿದ ಆ ತರುಣರಿಬ್ಬರೂ ಕ್ರಿ.ಶ. 4ರೊಳಗೇ ತೀರಿಕೊಂಡರು. ಪಟ್ಟಕ್ಕೆ ಬಂದವನು ಟೈಬೀರಿಯಸ್. ಅವನ ನಾಣ್ಯದಲ್ಲಿ ಕೈಯಲ್ಲಿ ರೆಂಬೆ ಹಿಡಿದು ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ರಾಜರ ಆಸೆ ಅಳಿಯಿತು, ಬೆಳ್ಳಿ ಉಳಿಯಿತು.

ಮೆಣಸು, ಮುತ್ತು, ನವುರಾದ ಬಟ್ಟೆಗಳಿಗೆ ಪ್ರತಿಯಾಗಿ ಇಂಥ ಹಣ ಹಡಗೇರಿ ಬರುತ್ತಿತ್ತು. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿದೆ ಎಂದು ರೋಮಿನ ಲೇಖಕ ಪ್ಲಿನಿ ಗೊಣಗಿದ್ದಾನೆ. ಒಂದು ಡಿನೇರಿಯಸ್‌ಗೆ ನಾಲ್ಕು ಸೆಸ್ಟರ್ಸ್ ಎಂದರೆ ಒಂದೂಕಾಲು ಕೋಟಿ ಬೆಳ್ಳಿ ನಾಣ್ಯಗಳಾದವು! ಹಾಗೆಂದು ರೋಮನರು ಬೆಂಗಳೂರಿಗೆ ಬಂದಿದ್ದರೆಂದು ಬೀಗಬೇಕಾಗಿಲ್ಲ. ನಾಣ್ಯ ಕೈಯಿಂದ ಕೈಗೆ ಸಾಗುವ ವಸ್ತು. ಅದನ್ನು ಇಲ್ಲಿ ಹೂತವರು ಈ ನಾಡಿನವರೇ ಇರಬಹುದು. ಮರಳಿ ತೆಗೆಯುವ ಭಾಗ್ಯ ಮಾತ್ರ ಅವರಿಗೆ ಒದಗಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ: ಇಂಥ ನಾಣ್ಯದ ನಿಜವಾದ ಬೆಲೆ ಅದರ ಬೆಳ್ಳಿಯಲ್ಲಿಲ್ಲ, ಅದು ಸಿಕ್ಕ ಜಾಗದಲ್ಲಿದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ, ಟೈಬೀರಿಯಸ್‌ನ ಒಂದೇ ಒಂದು ನಾಣ್ಯ ಅಲ್ಲಿನ ಮಣ್ಣಿನ ಪದರಗಳ ಕಾಲವನ್ನು ಗುರುತಿಸಲು ನೆರವಾಯಿತು. ಅದೇ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ನಾಲ್ಕು ಗ್ರಾಂಗೂ ಕಡಿಮೆ ಬೆಳ್ಳಿ, ಅಷ್ಟೇ.

ನಿಮ್ಮಲ್ಲಿ ಅನೇಕರು ಇಂದು ಎಂಜಿನಿಯರುಗಳು, ಕಟ್ಟಡದ ಗುತ್ತಿಗೆದಾರರು. ವಿಜಯನಗರದಿಂದ ಕೆಂಗೇರಿಯವರೆಗೆ ದಿನವೂ ಎಲ್ಲೋ ಒಂದು ಕಡೆ ಜೆಸಿಬಿ ಪಾಯ ತೋಡುತ್ತಿರುತ್ತದೆ. ಮಡಕೆಯೊಂದು ಕಂಡರೆ ಕೆಲಸ ನಿಲ್ಲಿಸಿ, ಇದ್ದಲ್ಲೇ ಬಿಟ್ಟು, ಅಧಿಕಾರಿಗಳಿಗೆ ತಿಳಿಸಿ. ನಿಧಿಯನ್ನು ಸರಕಾರದ ಗಮನಕ್ಕೆ ತರಬೇಕೆಂಬ ಕಾನೂನು 1878ರಿಂದಲೂ ಇದೆ. ಕಾನೂನಿನ ಭಯಕ್ಕಿಂತ ಮಿಗಿಲಾಗಿ ನಮ್ಮ ಊರಿನ ಕಥೆಯ ಮೇಲಿನ ಪ್ರೀತಿ ನಿಮ್ಮ ಕೈ ತಡೆಯಲಿ. ಎರಡು ದಿನ ಕೆಲಸ ನಿಂತರೆ ಆಗುವ ನಷ್ಟವನ್ನು ತುಂಬಿಕೊಳ್ಳಬಹುದು. ಕರಗಿಸಿದ ಚರಿತ್ರೆಯನ್ನು ಮತ್ತೆ ಎರಕ ಹೊಯ್ಯಲಾಗದು.